ಸುಡೋಮೊನಾಸ್ ಮನೆತನ ಒಡೆದದ್ದು ಹೇಗೆ?

ಶಿವಮೊಗ್ಗ, ಕೊಡಗಿನ ಕಡೆ ಶುಂಠಿ ಹಾಕುವವರಿಗೆ ಸುಡೋಮೊನಾಸ್ ಎಂದರೆ ಔಷಧ. ಗೊಬ್ಬರದಂಗಡಿಯಿಂದ ಪುಡಿಯ ಪ್ಯಾಕೆಟ್ ತಂದು, ನೀರಲ್ಲಿ ಕದಡಿ, ಬಿತ್ತನೆ ಗಡ್ಡೆಯನ್ನು ಅದ್ದಿ ತೆಗೆಯುತ್ತಾರೆ. ಒಳಗಿರುವುದು ಸುಡೋಮೊನಾಸ್ ಫ್ಲೋರೆಸೆನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ತಮಾಷೆಯೆಂದರೆ, ಅದೇ ಶುಂಠಿಯನ್ನು ಸೊರಗಿಸುವ ಬ್ಯಾಕ್ಟೀರಿಯಾದ ಹೆಸರೂ 1992ರವರೆಗೆ ಸುಡೋಮೊನಾಸ್ ಎಂದೇ ಶುರುವಾಗುತ್ತಿತ್ತು. ಕಾಯುವವನಿಗೂ ಕೊಲ್ಲುವವನಿಗೂ ಒಂದೇ ಮನೆತನದ ಹೆಸರು.

ಗೊಂದಲ ಹುಟ್ಟಿದ್ದು 1894ರಲ್ಲಿ, ಜರ್ಮನಿಯಲ್ಲಿ. ಈ ಕುಲಕ್ಕೆ ಹೆಸರಿಟ್ಟ ವಾಲ್ಟರ್ ಮಿಗುಲಾ ಹೇಳಿದ ಲಕ್ಷಣ ತೀರಾ ಸಡಿಲ: ಕಡ್ಡಿಯ ಆಕಾರ, ತುದಿಯಲ್ಲಿ ಈಜಲು ಬಾಲ. ಬಾಗಿಲು ಇಷ್ಟು ಅಗಲವಿದ್ದರೆ ಯಾರು ತಾನೇ ಒಳಬರುವುದಿಲ್ಲ? ಮಣ್ಣು, ನೀರು, ಕೊಳೆತ ಈರುಳ್ಳಿ, ಗಾಯದ ಕೀವು, ಎಲ್ಲಿಂದ ಸಿಕ್ಕರೂ ಇಲ್ಲಿಗೇ ತುಂಬಿದರು. ಪ್ರಭೇದಗಳ ಹೆಸರು ನೂರಾರಾಯಿತು. (ಹೆಸರಿನ ಎಡವಟ್ಟು ನಮ್ಮಲ್ಲೂ ಉಂಟು. ಕೃಷಿ ಕರಪತ್ರಗಳಲ್ಲಿ ಈ ಕಡ್ಡಿ ಇವತ್ತಿಗೂ ‘ದುಂಡಾಣು’.)

1966ರಲ್ಲಿ ಅಮೆರಿಕದ ಬರ್ಕ್‌ಲಿಯ ವಿಜ್ಞಾನಿಗಳಾದ ಸ್ಟೇನಿಯರ್, ಪಲ್ಲೆರೋನಿ, ಡುಡೊರೊಫ್ ಬೇರೆ ದಾರಿ ಹಿಡಿದರು. ರೂಪ ಬಿಟ್ಟು ಊಟ ನೋಡಿದರು. ಒಂದೊಂದು ತಳಿಗೂ ನೂರಕ್ಕೂ ಹೆಚ್ಚು ಸಾವಯವ ವಸ್ತುಗಳನ್ನು ಬಡಿಸಿ, ಯಾವುದನ್ನು ತಿಂದು ಬೆಳೆಯುತ್ತದೆ ಎಂದು ಗುರುತು ಹಾಕಿಕೊಂಡರು. ನಿಜವಾದ ಪೆಟ್ಟು ಬಿದ್ದದ್ದು 1973ರಲ್ಲಿ. ಪಲ್ಲೆರೋನಿ ಮತ್ತು ಸಂಗಡಿಗರು ಜೀವಕೋಶದ ಪ್ರೋಟೀನ್ ಕಾರ್ಖಾನೆಯಾದ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ನೋಡಿದರೆ ಒಂದೇ ಮನೆಯಲ್ಲಿ ಐದು ಬೇರೆ ಬೇರೆ ಗುಂಪುಗಳಿದ್ದವು!

ಆದರೂ ಪಾಲು ಪಟ್ಟಿಗೆ ಹತ್ತೊಂಬತ್ತು ವರ್ಷ ಹಿಡಿಯಿತು. 1992ರಲ್ಲಿ ಜಪಾನಿನ ಯಾಬುಉಚಿ ತಂಡ ಎರಡನೇ ಗುಂಪಿನ ಏಳು ಪ್ರಭೇದಗಳನ್ನು ಬರ್ಕ್‌ಹೋಲ್ಡೇರಿಯಾ ಎಂದು ಬೇರೆ ಮಾಡಿತು. ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾವನ್ನು 1950ರಲ್ಲಿ ವರ್ಣಿಸಿದ ವಾಲ್ಟರ್ ಬರ್ಕ್‌ಹೋಲ್ಡರ್ ನೆನಪಿಗೆ ಇಟ್ಟ ಹೆಸರದು. ಶುಂಠಿಯ ಸೊರಗು ರೋಗದ ಬ್ಯಾಕ್ಟೀರಿಯಾವೂ ಅಲ್ಲಿಗೇ ಹೋಯಿತು. ಮೂರೇ ವರ್ಷಕ್ಕೆ ಅಲ್ಲಿಂದಲೂ ಎದ್ದು ರಾಲ್‌ಸ್ಟೋನಿಯಾ ಆಯಿತು. 2014ರಲ್ಲಿ ಆ ಪ್ರಭೇದವೂ ಒಡೆಯಿತು.

ಇದೆಲ್ಲ ವಿದ್ವಾಂಸರ ಜಗಳ ಎನ್ನುವವರು ಉಡುಪಿ, ಮಂಗಳೂರಿನ ವೈದ್ಯರನ್ನು ಕೇಳಬೇಕು. ಮಳೆಗಾಲದಲ್ಲಿ ಅಲ್ಲಿ ಕಾಣಿಸಿಕೊಳ್ಳುವ ಮೆಲಿಯಾಯ್ಡೋಸಿಸ್ ಜ್ವರಕ್ಕೆ ಕಾರಣ, ಬೇರೆಯಾದ ಆ ಏಳರಲ್ಲಿ ಒಂದು, ಬರ್ಕ್‌ಹೋಲ್ಡೇರಿಯಾ ಸುಡೋಮ್ಯಾಲಿಯೈ. ಲ್ಯಾಬಿನಲ್ಲಿ ಅದನ್ನು ‘ಯಾವುದೋ ಸುಡೋಮೊನಾಸ್’ ಎಂದು ಬರೆದು ಪಕ್ಕಕ್ಕಿಟ್ಟರೆ, ತಿಂಗಳುಗಟ್ಟಲೆ ಮಾಡಬೇಕಾದ ಚಿಕಿತ್ಸೆ ಶುರುವೇ ಆಗುವುದಿಲ್ಲ.

ಹೊಲದಲ್ಲಿ ಮಾತ್ರ ಪರೀಕ್ಷೆ ಬದಲಾಗಿಲ್ಲ. ಸೊರಗಿದ ಗಿಡದ ಕಾಂಡ ಕತ್ತರಿಸಿ, ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟು ಅಲುಗಾಡಿಸದೆ ಕಾಯಿರಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ಇಳಿಯತೊಡಗುತ್ತದೆ. ಅದು ರಾಲ್‌ಸ್ಟೋನಿಯಾ.