ಫೋಟೋ ಆಮೇಲೆ, ಮೊದಲು ಕೂಗು ಕೇಳಿ

ದಸರಾ ಮುಗಿದು ವಾರ ಆಗಿರುವುದಿಲ್ಲ, ನನ್ನ ಫೋನಿಗೆ ಎಲೆಗಳ ಫೋಟೋ ಬರಲು ಶುರುವಾಗುತ್ತವೆ. ಹೊಂಗೆ ಎಲೆ, ನುಗ್ಗೆ ಎಲೆ, ಮಳೆಮರದ ಎಲೆ. ಅದರ ಮಧ್ಯೆ ಎಲ್ಲೋ ಒಂದು ಹಸಿರು ಚುಕ್ಕೆ. ಕೆಳಗೆ ಒಂದೇ ಸಾಲು: "ಸರ್, ಇದು ಯಾವ ಹಕ್ಕಿ?"

ಮೈಸೂರು, ಮಂಡ್ಯ ಸುತ್ತಮುತ್ತ ಹಕ್ಕಿ ಸಮೀಕ್ಷೆ ಮಾಡುವುದು, ಭಾನುವಾರ ಜನರನ್ನು ಕೆರೆ ಏರಿ ಮೇಲೆ ಕರೆದುಕೊಂಡು ಹೋಗಿ ಹಕ್ಕಿ ತೋರಿಸುವುದು ನನ್ನ ಕೆಲಸ. ಫೋಟೋ ಕಳಿಸಿದವರನ್ನೆಲ್ಲ ನಾನು ಒಂದೇ ಮಾತು ಕೇಳುತ್ತೇನೆ. ಏನಂತ ಕೂಗಿತು? ಹೆಚ್ಚಿನವರ ಉತ್ತರವೂ ಒಂದೇ. "ಅದು ಗಮನಿಸಲಿಲ್ಲ ಸರ್, ಫೋಟೋ ತೆಗೀತಾ ಇದ್ದೆ."

ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಕ್ಕಿ ತನ್ನ ಹೆಸರನ್ನು ಹತ್ತು ಸಲ ಹೇಳಿ ಹೋಗಿದೆ, ಇವರು ಕೇಳಿಸಿಕೊಂಡಿಲ್ಲ.

ಈ ಫೋಟೋಗಳಲ್ಲಿ ಇರುವುದು ಹೆಚ್ಚಾಗಿ ಉಲಿಯಕ್ಕಿ, ಅಂದರೆ ವಾರ್ಬ್ಲರ್, ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಪುಟ್ಟ ಹಕ್ಕಿ. ಇವನ್ನು ಬಣ್ಣ ನೋಡಿ ಹೆಸರಿಸಲು ಹೋಗಬೇಡಿ. ರಂಗನತಿಟ್ಟಿನ ಬಣ್ಣದ ಕೊಕ್ಕರೆಗೆ, ಹದಿನಾರು ಗ್ರಾಮದ ಕೆರೆಯ ಪಟ್ಟೆತಲೆ ಹೆಬ್ಬಾತಿಗೆ ಫೋಟೋ ಸಾಕು. ಉಲಿಯಕ್ಕಿಗೆ ಸಾಲದು. ಬೆಳಗಿನ ಬಿಸಿಲು ಹೊಂಗೆ ಎಲೆಯಲ್ಲಿ ಸೋಸಿ ಬಂದರೆ ಬಿಳಿ ಹೊಟ್ಟೆಯೂ ಹಳದಿಯಾಗಿ ಕಾಣುತ್ತದೆ. ಅದೇ ಹಕ್ಕಿ ಒಣಕೊಂಬೆಗೆ ಹಾರಿ ಕೂತರೆ ಬೂದು. ಮೋಡ ಮುಚ್ಚಿದರೆ ಮಣ್ಣಿನ ಬಣ್ಣ. ಫೋನ್ ಕ್ಯಾಮೆರಾ ಬೇರೆ ತಾನಾಗಿಯೇ ಹಸಿರನ್ನು ಜಾಸ್ತಿ ಮಾಡುತ್ತದೆ. ಒಬ್ಬರು ಒಂದೇ ಮರದಲ್ಲಿ ಐದು ನಿಮಿಷದೊಳಗೆ ತೆಗೆದ ಮೂರು ಫೋಟೋ ಕಳಿಸಿ, ಮೂರು ಬೇರೆ ಬೇರೆ ಜಾತಿ ಅಲ್ವಾ ಸರ್ ಎಂದು ಕೇಳಿದರು. ನನ್ನ ಮಟ್ಟಿಗೆ ಅದು ಒಂದೇ ಹಕ್ಕಿ.

ರೆಕ್ಕೆ ಮೇಲೆ ಸಣ್ಣ ಬಿಳಿ ಗೀರು ಇರುತ್ತದೆ ಎಂದು ಪುಸ್ತಕದಲ್ಲಿ ಇದೆಯಲ್ಲ ಅನ್ನುತ್ತೀರಿ. ಇದೆ, ಸರಿ. ಆದರೆ ಗರಿ ಸವೆದಂತೆ ಅದೂ ಅಳಿಸಿಹೋಗುತ್ತದೆ. ಹುಬ್ಬು ತಿದ್ದಿದ ಹಾಗೆ ಕಣ್ಣಿನ ಮೇಲೆ ಮಾಸಲು ಗೆರೆ, ಅದು ಈ ಗುಂಪಿನಲ್ಲಿ ಬಹುಪಾಲು ಎಲ್ಲಕ್ಕೂ ಉಂಟು. ಪಕ್ಷಿತಜ್ಞ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಕಾಲದಲ್ಲಿ ಹಕ್ಕಿಯನ್ನು ಹೊಡೆದು, ಅಂಗೈಯಲ್ಲಿ ಇಟ್ಟುಕೊಂಡು, ಗರಿ ಬಿಡಿಸಿ ಅಳೆಯುತ್ತಿದ್ದರು. ಅಂಗೈಯಲ್ಲಿದ್ದರೆ ಗೆರೆ, ಗೀರು ಎಲ್ಲ ಉಪಯೋಗಕ್ಕೆ ಬರುತ್ತವೆ. ಮೂವತ್ತಡಿ ಮೇಲೆ, ಎಲೆಯ ಮರೆಯಲ್ಲಿ, ಒಂದು ಕ್ಷಣ ಕೂರದೆ ಕುಪ್ಪಳಿಸುವ ಹಕ್ಕಿಯಲ್ಲಿ ಅದನ್ನೆಲ್ಲ ಹುಡುಕುವುದು ಕಷ್ಟ.

ನಮ್ಮ ಊರಿನ ಮರಗಳಲ್ಲಿ ಚಳಿಗಾಲಕ್ಕೆ ಸಾಮಾನ್ಯವಾಗಿ ಸಿಗುವುದು ಗ್ರೀನಿಷ್ ವಾರ್ಬ್ಲರ್. ಅದು "ಚಿಸ್ಲೀ" ಅನ್ನುತ್ತದೆ. ಎರಡು ಉಲಿ, ಚುರುಕಾಗಿ, ಗುಬ್ಬಿ ಚಿಲಿಪಿಲಿಗಿಂತ ಚೂಪಾಗಿ. ಕಾಕಸಸ್ ಪರ್ವತಗಳ ಕಡೆಯಿಂದ ಬರುವ ಗ್ರೀನ್ ವಾರ್ಬ್ಲರ್ ನೋಡಲು ಹೆಚ್ಚುಕಡಿಮೆ ಹಾಗೇ, ಹಳದಿ ಸ್ವಲ್ಪ ಜಾಸ್ತಿ. ಅದರ ಕೂಗಿನಲ್ಲಿ ಸಾಮಾನ್ಯವಾಗಿ ಮೂರು ಉಲಿ. ಚಾಮುಂಡಿ ಬೆಟ್ಟದ ಮೆಟ್ಟಿಲ ಹಾದಿಯಲ್ಲಿ ಒಂದು ಬೆಳಿಗ್ಗೆ ಹಳದಿ ಹೊಟ್ಟೆಯದೊಂದು ಕಂಡಿತು. ಗ್ರೀನ್ ವಾರ್ಬ್ಲರ್ ಎಂದು ನೋಟ್‌ಬುಕ್ಕಿನಲ್ಲಿ ಬರೆದೇಬಿಟ್ಟೆ. ಎರಡು ನಿಮಿಷ ಬಿಟ್ಟು ಅದೇ ಕೊಂಬೆಯಿಂದ "ಚಿಸ್ಲೀ" ಎಂದಿತು. ಬರೆದದ್ದನ್ನು ಹೊಡೆದುಹಾಕಿದೆ.

ಇಷ್ಟು ಸಣ್ಣ ಹಕ್ಕಿ ದಿನವಿಡೀ ಯಾಕೆ ಹಾಗೆ ಕೂಗುತ್ತದೆ? ಅದು ಬೇಲಿ ಹಾಕುತ್ತಿದೆ. ಚಳಿಗಾಲದಲ್ಲಿ ಒಂದೊಂದು ಗ್ರೀನಿಷ್ ವಾರ್ಬ್ಲರ್ ಒಂದಷ್ಟು ಮರಗಳನ್ನು ತನ್ನದು ಮಾಡಿಕೊಂಡು ಒಂಟಿಯಾಗಿರುತ್ತದೆ. ಇನ್ನೊಂದು ಬಂದರೆ ಓಡಿಸುತ್ತದೆ. "ಚಿಸ್ಲೀ" ಅಂದರೆ ಈ ಮರ ನನ್ನದು ಅಂತ. ಹಿಮಾಲಯದಿಂದಲೋ ಮಧ್ಯ ಏಷ್ಯಾದಿಂದಲೋ ರಾತ್ರಿ ಹೊತ್ತು ಹಾರಿ ಬಂದು, ಮುಂದಿನ ವರ್ಷ ಮತ್ತೆ ಅದೇ ಜಾಗಕ್ಕೆ ಬರುವುದೂ ಉಂಟು. ತೂಕ ಎಂಟು ಗ್ರಾಂ ಆಸುಪಾಸು. ಹತ್ತು ರೂಪಾಯಿ ನಾಣ್ಯವನ್ನು ಅಂಗೈ ಮೇಲೆ ಇಟ್ಟು ನೋಡಿ, ಅಷ್ಟೇ.

ಈ ಹಕ್ಕಿಗಳೇ ತಮ್ಮವರನ್ನು ದನಿಯಿಂದ ಗುರುತಿಸುತ್ತವೆ. ಗ್ರೀನಿಷ್ ವಾರ್ಬ್ಲರ್‌ಗಳು ಟಿಬೆಟ್ ಪ್ರಸ್ಥಭೂಮಿಯ ಎರಡೂ ಪಕ್ಕದಲ್ಲಿ, ಬಳೆಯ ಹಾಗೆ ಸುತ್ತುವರಿದು ಹಬ್ಬಿವೆ. ಹಿಮಾಲಯದಿಂದ ಉತ್ತರಕ್ಕೆ ಹೋದಂತೆ ಎರಡೂ ಪಕ್ಕದ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಕೊನೆಗೆ ಸೈಬೀರಿಯಾದಲ್ಲಿ ಎರಡೂ ಗುಂಪು ಎದುರಾದಾಗ ಒಂದರ ಹಾಡು ಇನ್ನೊಂದಕ್ಕೆ ತನ್ನದು ಅನ್ನಿಸುವುದಿಲ್ಲ, ಜೋಡಿಯಾಗುವುದೂ ಅಪರೂಪ. ನಮ್ಮ ಕಣ್ಣಿಗೆ ಎರಡೂ ಸುಮಾರಾಗಿ ಒಂದೇ. ವ್ಯತ್ಯಾಸ ಅಂದರೆ ರೆಕ್ಕೆಯ ಗೀರು ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು.

ಸರಸ್ವತಿಪುರಂನಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಗಿನ್ನೂ ಆಪರೇಷನ್ ಆಗಿರಲಿಲ್ಲ. "ಏನಪ್ಪಾ, ದಸರಾ ಆದಮೇಲೆ ನಮ್ಮನೆ ನುಗ್ಗೆಮರದಲ್ಲಿ ಒಂದು ಹಕ್ಕಿ ಬರತ್ತೆ, ಯುಗಾದಿ ಆದಮೇಲೆ ಸದ್ದಿಲ್ಲ, ಯಾವುದದು?" ಎಂದು ಕೇಳಿದರು. ಹೇಗೆ ಕೂಗುತ್ತದೆ ಅಮ್ಮಾ ಅಂದೆ. ತುಟಿ ಮುಂದೆ ಮಾಡಿ "ಚಿಸ್ಲೀ" ಎಂದರು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅದು ಬಂದ ದಿನಕ್ಕೆ ಪೆನ್ಸಿಲಿನಲ್ಲಿ ಸಣ್ಣ ಸುಳಿ ಹಾಕಿದ್ದರು. ಹಳೆ ಕ್ಯಾಲೆಂಡರುಗಳನ್ನೂ ಎತ್ತಿಟ್ಟಿದ್ದರು, ನಾಲ್ಕು ವರ್ಷದ್ದು. ಹಕ್ಕಿಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಲಕ್ಷ ರೂಪಾಯಿ ಲೆನ್ಸ್ ಇರುವವರ ಹತ್ತಿರವೂ ಇಂಥ ದಾಖಲೆ ನಾನು ಕಂಡಿಲ್ಲ.

ಪೊದೆಯಲ್ಲಿ ಇರುವುದರ ಕಥೆ ಬೇರೆ. ದಾಸವಾಳದ ಬೇಲಿ, ಲಂಟಾನ ಪೊದೆ, ಕಾಂಪೌಂಡಿನ ಮೂಲೆಯಿಂದ ಎರಡು ಕಲ್ಲು ತಾಗಿಸಿದ ಹಾಗೆ "ಚಕ್... ಚಕ್" ಎಂದು ಕೇಳಿದರೆ ಅದು ಬಹುಶಃ ಬ್ಲೈತ್ಸ್ ರೀಡ್ ವಾರ್ಬ್ಲರ್. ಹೆಸರಲ್ಲಿ ಜೊಂಡು ಇದೆ ಎಂದು ಜನ ಕುಕ್ಕರಹಳ್ಳಿ ಕೆರೆಯ ಜೊಂಡಿನಲ್ಲಿ ಹುಡುಕುತ್ತಾರೆ. ಚಳಿಗಾಲದಲ್ಲಿ ಇದಕ್ಕೆ ಜೊಂಡು ಬೇಕಿಲ್ಲ, ನಿಮ್ಮ ಮನೆ ಬೇಲಿ ಸಾಕು. ಜೊಂಡಿನೊಳಗೇ ಇದ್ದುಕೊಂಡು ಗಂಟಲು ಹರಿಯುವ ಹಾಗೆ ಕಿರುಚುವುದು ಕ್ಲಾಮರಸ್ ರೀಡ್ ವಾರ್ಬ್ಲರ್, ಇದಕ್ಕಿಂತ ದೊಡ್ಡದು. ಮಂಡ್ಯದ ವಿ.ಸಿ. ನಾಲೆ ಪಕ್ಕ ಕಬ್ಬಿಗೆ ನೀರು ಕಟ್ಟುತ್ತಿದ್ದ ಒಬ್ಬರನ್ನು ಇದಕ್ಕೆ ಏನಂತೀರಿ ಅಂದೆ. "ಬಾಯ್ಬಡ್ಕ ಕಣ ಸಾ, ಬೆಳಗಾನ ಇದೇ ಗೋಳು" ಎಂದರು. ಅವರು ಕೇಳಿಸಿಕೊಂಡಿದ್ದರು.

ಒಂದು ಎಚ್ಚರಿಕೆ. ಕೂಗಿನ ಮೇಲೂ ಕಣ್ಣು ಮುಚ್ಚಿ ನಂಬಿಕೆ ಬೇಡ. ವರ್ಷವಿಡೀ ಇಲ್ಲೇ ಇರುವ ಟುವ್ವಿ ಹಕ್ಕಿಯೂ (ಟೈಲರ್ ಬರ್ಡ್) ನಾನಾ ಥರ ಸದ್ದು ಮಾಡುತ್ತದೆ. ಬಾಲ ಎತ್ತಿ ಕೂತಿದೆಯಾ ನೋಡಿ. ಅನುಮಾನ ಇದ್ದರೆ "ಎಲೆ ಉಲಿಯಕ್ಕಿ, ಜಾತಿ ಗೊತ್ತಾಗಲಿಲ್ಲ" ಎಂದು ಬರೆಯಿರಿ. ಹಕ್ಕಿ ದಾಖಲೆ ಹಾಕುವ ಜಾಲತಾಣ ಈ-ಬರ್ಡ್‌ನಲ್ಲಿ ಹಾಗೆ ನಮೂದಿಸಲು ಜಾಗವೇ ಇದೆ. ಜನ ಅದನ್ನು ಸೋಲು ಅಂದುಕೊಳ್ಳುತ್ತಾರೆ. ತಪ್ಪು ಹೆಸರಿಗಿಂತ ಆ ಸಾಲು ನಮಗೆ ಎಷ್ಟೋ ಉಪಯೋಗ.

ಇನ್ನೊಂದು. ಹಕ್ಕಿ ಹೊರಗೆ ಬರಲಿ ಎಂದು ಫೋನಿನಲ್ಲಿ ಅದರದೇ ಕೂಗು ಹಾಕಬೇಡಿ, ದಯವಿಟ್ಟು. ಮರಕ್ಕೆ ಇನ್ನೊಂದು ಬಂತು ಅಂದುಕೊಂಡು ಅದು ಹುಳ ಹುಡುಕುವುದು ಬಿಟ್ಟು ಓಡಾಡುತ್ತದೆ. ಏಪ್ರಿಲ್ ಹೊತ್ತಿಗೆ ವಾಪಸ್ ಹೊರಡಲು ಆ ಪುಟ್ಟ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಸುಮ್ನೆ ದಣಿಸುವುದು ಯಾಕೆ?

ನಾಳೆ ಬೆಳಿಗ್ಗೆ ಏಳಕ್ಕೆ ಮುಂಚೆ ಮನೆ ಹತ್ತಿರದ ಒಂದೇ ಮರದ ಕೆಳಗೆ ಹತ್ತು ನಿಮಿಷ ನಿಲ್ಲಿ. ಕ್ಯಾಮೆರಾ ಮನೆಯಲ್ಲಿರಲಿ. ನಾಡಿದ್ದು ಮತ್ತೆ ಅದೇ ಮರ. ಕೂಗು ಕೇಳಿದರೆ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಯಾವ ಮರ, ಎಷ್ಟು ಎತ್ತರ, ಎಷ್ಟು ಹೊತ್ತಿಗೆ ಎಂದು ಬರೆದು ಕಳಿಸಿ. ಮಧ್ಯೆ ಆಟೋ ಹಾರ್ನ್, ಪಕ್ಕದ ಮನೆ ಕುಕ್ಕರ್ ಸೀಟಿ ಇದ್ದರೂ ಪರವಾಗಿಲ್ಲ, ನಾನು ಕೇಳಿ ಹೇಳುತ್ತೇನೆ.