ಸಾಮಿಲ್ ಊರನ್ನು ನಡೆಸಿದ್ದು ನೀರು

ಸಾಮಿಲ್ ಊರು ಅಂದರೆ ಕೊಡಲಿ, ಗರಗಸ ನೆನಪಾಗುತ್ತವೆ, ಅಲ್ವಾ? ಆದರೆ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರನ್ನು ನಿಜಕ್ಕೂ ನಡೆಸಿದ್ದು ನೀರು. 1880ರ ದಶಕದಲ್ಲಿ ಅಲ್ಲಿನ ಸರೋವರದ ಸುತ್ತ 40ಕ್ಕೂ ಹೆಚ್ಚು ಸಾಮಿಲ್‌ಗಳಿದ್ದವು. 1871ರ ಬೆಂಕಿಯಲ್ಲಿ ಸುಟ್ಟುಹೋದ ಶಿಕಾಗೋವನ್ನು ಮತ್ತೆ ಕಟ್ಟಲು ಇಲ್ಲಿಂದಲೂ ಹಲಗೆ ಹೋಗಿತ್ತು.

ಮರ ಕಡಿಯುತ್ತಿದ್ದದ್ದು ಚಳಿಗಾಲದಲ್ಲಿ. ರಾತ್ರಿ ಹೊತ್ತು ಕಾಡಿನ ದಾರಿಗೆ ನೀರು ಸುರಿಯುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದು ಗಟ್ಟಿ ಮಂಜುಗಡ್ಡೆ. ಅದರ ಮೇಲೆ ಜಾರುಬಂಡಿಗೆ ಘರ್ಷಣೆ ತೀರಾ ಕಡಿಮೆ. ಹಾಗಾಗಿ ಒಂದು ಜೋಡಿ ಕುದುರೆ ಹಲವು ಟನ್ ದಿಮ್ಮಿ ಎಳೆಯುತ್ತಿತ್ತು. ಇಳಿಜಾರಿನಲ್ಲಿ ಮಾತ್ರ ಇದೇ ಅನುಕೂಲ ಜೀವಕ್ಕೆ ಕುತ್ತು. ಅಲ್ಲಿ ಬಂಡಿ ಜಾರದಂತೆ ಹುಲ್ಲು, ಮರಳು ಹರಡಲು ಒಬ್ಬ ಆಳು ಬೇಕಿತ್ತು.

ಹಿಮ ಕರಗಿ ಹೊಳೆ ತುಂಬಿದಾಗ ದಿಮ್ಮಿಗಳನ್ನು ನೀರಿಗೆ ತಳ್ಳುತ್ತಿದ್ದರು. ಬಿಳಿ ಪೈನ್ ಹಸಿಯಾಗಿದ್ದರೂ ಚೆನ್ನಾಗಿ ತೇಲುತ್ತದೆ. ಹಸಿ ಓಕ್ ಮುಳುಗುತ್ತದೆ. ನಮ್ಮ ತೇಗದ್ದೂ ಅದೇ ಕಥೆ. ಬರ್ಮಾದಲ್ಲಿ ತೇಗದ ಬುಡದ ಸುತ್ತ ಕಚ್ಚು ಹಾಕಿ, ಮರವನ್ನು ನಿಂತಲ್ಲೇ ಒಣಗಿಸಿ ಆಮೇಲೆ ತೇಲಿಬಿಡುತ್ತಿದ್ದರು. ಮಿಷಿಗನ್‌ನಲ್ಲಿ ಪೈನ್ ಮೊದಲು ಖಾಲಿಯಾಗಿದ್ದಕ್ಕೆ ಈ ತೇಲುವ ಗುಣವೂ ಒಂದು ಕಾರಣ.

ಎಲ್ಲರ ದಿಮ್ಮಿಯೂ ಒಂದೇ ಹೊಳೆಯಲ್ಲಿ ಬಂದರೆ ಯಾರದ್ದು ಯಾವುದು? ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಮಾಲೀಕರ ಗುರುತು ಒತ್ತಿರುತ್ತಿತ್ತು. ಅದನ್ನು ನೋಡಿ ವಿಂಗಡಿಸಲೆಂದೇ 1864ರಲ್ಲಿ ಮಸ್ಕೀಗನ್ ಬೂಮಿಂಗ್ ಕಂಪನಿ ಹುಟ್ಟಿತು. ಸರದಿ ಬರುವವರೆಗೆ ದಿಮ್ಮಿ ನೀರಲ್ಲೇ ಇರುತ್ತಿತ್ತು. ಸುಮ್ನೆ ಅಲ್ಲ. ನೆನೆದ ಮರ ಬಿರುಕು ಬಿಡುವುದಿಲ್ಲ, ಗಾಳಿ ಸಿಗದೆ ಶಿಲೀಂಧ್ರ ಬೆಳೆಯುವುದಿಲ್ಲ.

ಮಿಲ್ಲಿನೊಳಗೆ ನೀರು ಹಬೆಯಾಗಿ ಗರಗಸ ತಿರುಗಿಸುತ್ತಿತ್ತು. ಬಾಯ್ಲರಿಗೆ ಮರದ ಹೊಟ್ಟು, ಸಿಪ್ಪೆಯೇ ಸೌದೆ. ಹೊಟ್ಟಿಗೇನು ಬರ! ವೃತ್ತಾಕಾರದ ಗರಗಸದ ಸೀಳು ಕಾಲು ಇಂಚು ಅಂದುಕೊಳ್ಳಿ. ಒಂದು ಇಂಚಿನ ನಾಲ್ಕು ಹಲಗೆ ಕೊಯ್ದರೆ ಒಂದು ಹಲಗೆಯಷ್ಟು ಮರ ಹೊಟ್ಟಾಗುತ್ತದೆ. ತೆಳುವಾದ ಬ್ಯಾಂಡ್ ಗರಗಸ ಬಂದ ಮೇಲೆ ನಷ್ಟ ಸುಮಾರು ಅರ್ಧಕ್ಕಿಳಿಯಿತು. ಅಷ್ಟರಲ್ಲಿ ಒಳ್ಳೆಯ ಕಾಡು ಬಹುಪಾಲು ಮುಗಿದಿತ್ತು.

ಕೂಲಿಗಳ ಪಾಡನ್ನು ಲೆಕ್ಕಕ್ಕಿಟ್ಟವರು ಕಡಿಮೆ. 1885ರಲ್ಲಿ ಅದೇ ರಾಜ್ಯದ ಸ್ಯಾಗಿನಾ ಕಣಿವೆಯ ಕಾರ್ಮಿಕರು ಮುಷ್ಕರ ಹೂಡಿದರು. ಅವರ ಘೋಷಣೆ: ದಿನಕ್ಕೆ ಹತ್ತೇ ಗಂಟೆ ಕೆಲಸ, ಇಲ್ಲದಿದ್ದರೆ ಹೊಟ್ಟೂ ಇಲ್ಲ!

ಉರಿಸಿ ಮಿಕ್ಕಿದ ಹೊಟ್ಟು, ಸಿಪ್ಪೆಯನ್ನು ಮಸ್ಕೀಗನ್ ಮಿಲ್ಲುಗಳು ಸರೋವರದ ಅಂಚಿಗೆ ಸುರಿದವು. ಮೀನು ಮರಿ ಮಾಡುತ್ತಿದ್ದ ಜೌಗು ನೆಲ ಮುಚ್ಚಿಹೋಯಿತು. ನೂರು ವರ್ಷ ಕಳೆದ ಮೇಲೆ ಆ ಕಸವನ್ನು ಯಂತ್ರಗಳಿಂದ ಬಗೆದು ತೆಗೆಯಬೇಕಾಯಿತು, ಸರ್ಕಾರದ ದುಡ್ಡಿನಲ್ಲಿ.