ಲೇಬಲ್ ಮೇಲಿನ ತಾರೀಕು ಎಲ್ಲಿಂದ ಬರುತ್ತದೆ?

ಔಷಧಿಗಳ ಬಾಳಿಕೆ ಅಳೆಯುವ ಸ್ಟೆಬಿಲಿಟಿ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಕೇಳುತ್ತಾರೆ: "ಸರ್, ಈ ಮಾತ್ರೆ ತಯಾರಾಗಿ ಇನ್ನೂ ಎರಡು ವರ್ಷವಾಗಿಲ್ಲ. ಎರಡು ವರ್ಷ ಬಾಳುತ್ತದೆ ಅಂತ ಹೇಗೆ ಬರೆಯುತ್ತೇವೆ?" ಕೇಳಲೇಬೇಕಾದ ಪ್ರಶ್ನೆ. ಉತ್ತರ ಕ್ರಿಯಾವೇಗದ ಲೆಕ್ಕದಲ್ಲಿದೆ.

ವಸ್ತುವಿನ ಸಾರತೆ, ಅಂದರೆ ನಿಗದಿತ ಗಾತ್ರದಲ್ಲಿ ಅದು ಎಷ್ಟಿದೆ ಎಂಬ ಪ್ರಮಾಣ, ಕಾಲದೊಂದಿಗೆ ಎಷ್ಟು ಬೇಗ ಬದಲಾಗುತ್ತದೆ ಎಂಬುದೇ ಕ್ರಿಯಾವೇಗ. ಇದನ್ನು ಸಮೀಕರಣ ನೋಡಿ ಹೇಳಲಾಗದು, ಅಳೆದೇ ತಿಳಿಯಬೇಕು. ಡೈನೈಟ್ರೋಜನ್ ಪೆಂಟಾಕ್ಸೈಡ್ ವಿಭಜನೆಯ ಸಮೀಕರಣದಲ್ಲಿ ಅದರ ಎರಡು ಅಣುಗಳಿವೆ. ಆದರೂ ವೇಗ ಸಾರತೆಯ ವರ್ಗಕ್ಕಲ್ಲ, ಸಾರತೆಗೇ ಅನುಪಾತದಲ್ಲಿರುತ್ತದೆ, ಅಂದರೆ ಫಸ್ಟ್ ಆರ್ಡರ್. ದ್ರಾವಣದಲ್ಲಿ ಕರಗಿದ ಬಹಳಷ್ಟು ಔಷಧಿಗಳೂ ಹೀಗೆಯೇ ಕೆಡುತ್ತವೆ. ಮೊದಲ ವರ್ಷ 100ರಲ್ಲಿ 10 ಹೋದರೆ ಎರಡನೇ ವರ್ಷ ಹೋಗುವುದು 9, ಉಳಿಯುವುದು 81. ಅರ್ಧಕ್ಕೆ ಇಳಿಯಲು ಸುಮಾರು ಆರೂವರೆ ವರ್ಷ ಬೇಕು. ನಮಗೆ ಅಷ್ಟು ದೂರ ಹೋಗುವ ಕೆಲಸವಿಲ್ಲ. 90ಕ್ಕೆ ಇಳಿಯುವ ಹೊತ್ತು ಯಾವುದು ಎಂಬುದೇ ಸಾಮಾನ್ಯವಾಗಿ ನಾವು ಹುಡುಕುವ ಸಂಖ್ಯೆ.

ಅದೇ ಔಷಧಿ ಸಸ್ಪೆನ್ಷನ್ ಆಗಿದ್ದರೆ, ಅಂದರೆ ಪುಡಿ ಪೂರ್ತಿ ಕರಗದೆ ದ್ರವದಲ್ಲಿ ಬೆರೆತಿದ್ದರೆ, ಕಥೆ ಬೇರೆ. ಕರಗಿದ ಭಾಗ ಕೆಟ್ಟಷ್ಟೂ ತಳದ ಪುಡಿ ಕರಗಿ ಜಾಗ ತುಂಬುತ್ತದೆ. ಸಾರತೆ ಇಳಿಯುವುದೇ ಇಲ್ಲ, ಹಾಗಾಗಿ ಪುಡಿ ಮುಗಿಯುವವರೆಗೆ ವೇಗವೂ ಒಂದೇ ಸಮ. ಅಣು ಅದೇ, ರಸಾಯನಶಾಸ್ತ್ರ ಅದೇ, ಗ್ರಾಫ್ ಮಾತ್ರ ನೇರ ಗೆರೆ. ಇದನ್ನು ಮೊದಲ ಸಲ ಕಾಗದದ ಮೇಲೆ ಕಂಡಾಗ ಆದ ಖುಷಿ ನನಗಿನ್ನೂ ಮಾಸಿಲ್ಲ.

ಇನ್ನು ಶಾಖದ ವಿಷಯ. ಬಿಸಿಯಾದರೆ ಅಣುಗಳು ಹೆಚ್ಚು ಡಿಕ್ಕಿ ಹೊಡೆಯುತ್ತವೆ, ಅದಕ್ಕೇ ವೇಗ ಹೆಚ್ಚುತ್ತದೆ ಎಂದು ಅನೇಕರು ಕಲಿತಿರುತ್ತಾರೆ. ಲೆಕ್ಕ ಹಾಕಿ ನೋಡಿ: ಅನಿಲವೊಂದನ್ನು 25ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇ. 2ಕ್ಕೂ ಕಡಿಮೆ. ಕ್ರಿಯೆಯ ವೇಗವೋ ದುಪ್ಪಟ್ಟಾಗಬಹುದು. ಕಾರಣ, ಕ್ರಿಯೆ ನಡೆಯಲು ದಾಟಲೇಬೇಕಾದ ಶಕ್ತಿಯ ದಿಣ್ಣೆ. ಅದನ್ನು ದಾಟುವಷ್ಟು ಶಕ್ತಿಯಿರುವ ಅಣುಗಳು ಬೆರಳೆಣಿಕೆಯಷ್ಟು. ಸ್ವಲ್ಪ ಶಾಖ ಕೊಟ್ಟರೂ ಅವುಗಳ ಸಂಖ್ಯೆ ಹಲವು ಪಟ್ಟಾಗುತ್ತದೆ. ಇದನ್ನು 1889ರಲ್ಲಿ ಸೂತ್ರಕ್ಕೆ ಇಳಿಸಿ ವಿವರಿಸಿದವರು ಸ್ವಾಂಟೆ ಅರ್ಹೇನಿಯಸ್.

ದಿಣ್ಣೆಯ ಎತ್ತರ ಮೋಲ್‌ಗೆ 50 ಕಿಲೋಜೌಲ್ ಇದ್ದರೆ ಆ ಹತ್ತು ಡಿಗ್ರಿಗೆ ವೇಗ ಸುಮಾರು ಎರಡು ಪಟ್ಟು, 100 ಇದ್ದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು. "ಹತ್ತು ಡಿಗ್ರಿಗೆ ದುಪ್ಪಟ್ಟು" ಎಂಬ ಬಾಯಿಪಾಠವನ್ನು ಅದಕ್ಕೇ ನಾನು ಒಪ್ಪುವುದಿಲ್ಲ. 83 ಇರುವ ಔಷಧಿ 25 ಡಿಗ್ರಿಗಿಂತ 40 ಡಿಗ್ರಿಯಲ್ಲಿ ಐದು ಪಟ್ಟು ಬೇಗ ಕೆಡುತ್ತದೆ. ಅಲ್ಲಿನ ಆರು ತಿಂಗಳು ಇಲ್ಲಿನ ಎರಡೂವರೆ ವರ್ಷಕ್ಕೆ ಸಮ. ಹೊಸಬರ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು.

ಪೂರ್ತಿ ಸಿಕ್ಕಿಲ್ಲ. ಬೇಗ ಫಲಿತಾಂಶ ಬೇಕೆಂದು ನಾನೊಮ್ಮೆ 80 ಡಿಗ್ರಿಯಲ್ಲಿಟ್ಟ ಪುಡಿ ಒಳಗೇ ಕರಗಿ ದ್ರವವಾಗಿತ್ತು. ದ್ರವ ಕೆಡುವ ರೀತಿಯೇ ಬೇರೆ. ಆ ಅಂಕಿಗಳಿಂದ ಘನರೂಪದ ಬಾಳಿಕೆ ಹೇಳಲು ಬರುವುದಿಲ್ಲ. ಅದಕ್ಕೇ 40 ಡಿಗ್ರಿಯ ಲೆಕ್ಕ ಮುಗಿದ ಮೇಲೂ ಅದೇ ಬ್ಯಾಚಿನ ಮಾತ್ರೆಗಳನ್ನು ಮಾಮೂಲಿ ತಾಪಮಾನದ ಕೋಣೆಯಲ್ಲಿ ಇಟ್ಟಿರುತ್ತೇವೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ತೆಗೆದು ಅಳೆಯುತ್ತೇವೆ.